ಉದಕಮಂಡಲ–ಮೈಸೂರು ಹೆದ್ದಾರಿ ಮತ್ತು ಅದರ ಕವಲುಗಳು: ಅಮ್ಮನವರ ಸನ್ನಿಧಿಗೆ ಬಂದ ದಾರಿಯ ಕಥೆ



ಜಾತ್ರಾ ಮಹೋತ್ಸವದ ಸ್ಮರಣ ಸಂಚಿಕೆಗೆ ತಾವೂ ಒಂದು ಲೇಖನ ಬರೆದುಕೊಡಲೇಬೇಕೆಂದು ಸಮಿತಿಯ ಯುವಕರು ಅಂಗಡಿಗೇ ಬಂದು ಕುಳಿತಾಗ ನಾನು ಮೊದಲು ನಕ್ಕುಬಿಟ್ಟೆ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ದಿನಸಿ ಅಂಗಡಿಯ ಗಲ್ಲಾದ ಮುಂದೆ ಕುಳಿತವನು ನಾನು. ಸಾಲದ ಪುಸ್ತಕ ಬಿಟ್ಟರೆ ಬೇರೇನೂ ಬರೆದವನಲ್ಲ. ಅಮ್ಮನವರ ಮಹಿಮೆಯನ್ನು ವರ್ಣಿಸಲು ತಿಳಿದವರಿದ್ದಾರೆ, ಅದು ನನ್ನಿಂದಾಗದು. ಆದರೆ ಅಮ್ಮನವರ ಸನ್ನಿಧಿಗೆ ಭಕ್ತರನ್ನು ಕರೆತರುವ ಈ ರಸ್ತೆಯನ್ನು ಅಂಗಡಿಯ ಕಟ್ಟೆಯ ಮೇಲಿಂದ ಸುಮಾರು ನಲವತ್ತು ವರ್ಷ ನೋಡಿದ್ದೇನೆ. ಅದರ ಬಗ್ಗೆ ಹಿರಿಯರಿಂದ ಕೇಳಿದ್ದನ್ನೂ ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ ಬರೆದಿದ್ದೇನೆ. ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ನಾವೆಲ್ಲ 'ಮೈಸೂರು ರಸ್ತೆ' ಎಂದು ಕರೆಯುವ ಈ ದಾರಿ ಉದಕಮಂಡಲದಿಂದ ಹೊರಟು ಸುಮಾರು ಎಂಟು ಕಿಲೋಮೀಟರ್ ದೂರದ ತಲೈಕುಂದಾದಲ್ಲಿ ಎರಡಾಗುತ್ತದೆ. ಒಂದು ಎಳೆ ಪೈಕಾರ, ನಡುವಟ್ಟಂ ದಾಟಿ ಕೂಡಲೂರಿಗೆ ಇಳಿದು, ತೊರಪಳ್ಳಿಯ ಮೇಲೆ ತೆಪ್ಪಕಾಡಿಗೆ ಬರುತ್ತದೆ. ಇನ್ನೊಂದು ಎಳೆ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ನೇರವಾಗಿ ಕೆಳಕ್ಕೆ ಧುಮುಕಿ, ಮಸಿನಗುಡಿಯ ಮೇಲೆ ಅದೇ ತೆಪ್ಪಕಾಡಿಗೆ ಬರುತ್ತದೆ. ಹೂವಾಡಿಗರು ಒಂದೇ ದಾರವನ್ನು ಎರಡು ಮಾಡಿ ಕಟ್ಟಿ ಮತ್ತೆ ಒಂದೇ ಗಂಟಿಗೆ ತರುತ್ತಾರಲ್ಲ, ಹಾಗೆ. ಅಲ್ಲಿಂದ ಮುಂದೆ ಕೆಕ್ಕನಹಳ್ಳದ ಗಡಿ, ಬಂಡೀಪುರ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು. ಮೊದಲು ರಾಜ್ಯ ಹೆದ್ದಾರಿಯಾಗಿದ್ದ ಇದನ್ನು ನಂತರ ರಾಷ್ಟ್ರೀಯ ಹೆದ್ದಾರಿಗೆ ಸೇರಿಸಿ 67ನೆಯ ನಂಬರು ಕೊಟ್ಟರು. ನಾಗಪಟ್ಟಣದ ಸಮುದ್ರದಿಂದ ಹೊರಟ ರಸ್ತೆ ತಿರುಚ್ಚಿ, ಕೊಯಮತ್ತೂರು, ಕೂನೂರು, ಊಟಿ, ಕೂಡಲೂರುಗಳ ಮೇಲೆ ಗುಂಡ್ಲುಪೇಟೆಯಲ್ಲಿ ಮುಗಿಯುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಬಂದಾಗ ಕೊಯಮತ್ತೂರಿನಿಂದ ಗುಂಡ್ಲುಪೇಟೆಯವರೆಗಿನ ಭಾಗ 181 ಆಯಿತು. 67 ಎಂಬ ನಂಬರು ಈಗ ಹುಬ್ಬಳ್ಳಿ, ಬಳ್ಳಾರಿ ಕಡೆಯ ಬೇರೊಂದು ರಸ್ತೆಗೆ ಹೋಗಿದೆ. ನಮ್ಮ ಊರಿನ ಟೈರ್ ಪಂಕ್ಚರ್ ಅಂಗಡಿಯ ಬೋರ್ಡಿನಲ್ಲಿ ಮಾತ್ರ ಇನ್ನೂ ಹಳೆಯ ನಂಬರೇ ಇದೆ. ಅಳಿಸಬೇಡ ಎಂದು ನಾನೇ ಹೇಳಿದ್ದೇನೆ.

ದಾರಿ ರಸ್ತೆಯಾಗುವುದಕ್ಕೆ ಬಹಳ ಮೊದಲೇ ಕೆಳನಾಡಿಗೂ ಬೆಟ್ಟಕ್ಕೂ ಓಡಾಟವಿತ್ತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ನೀಲಪರ್ವತದವರೆಗೂ ಬಂದು ತೋದವರನ್ನು ಬೆದರಿಸಿದ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಈ ಬೆಟ್ಟಗಳ ಹೆಸರು ಬರಹದಲ್ಲಿ ಸಿಗುವುದು ಅಲ್ಲಿಂದಲೇ ಎಂದು ಬಲ್ಲವರು ಹೇಳುತ್ತಾರೆ. ನೋಡಿ, ನಮ್ಮ ಬೆಟ್ಟದ ಮೊದಲ ದಾಖಲೆ ಇರುವುದು ಕನ್ನಡ ಶಾಸನದಲ್ಲಿ! ಬಡಗರು 'ಬಡಗ' ದಿಕ್ಕಿನಿಂದ, ಅಂದರೆ ಉತ್ತರದ ಮೈಸೂರು ಸೀಮೆಯಿಂದ ಹತ್ತಿ ಬಂದವರೆಂಬುದು ಅವರ ಹೆಸರಿನಲ್ಲೇ ಇದೆ. ಕಲ್ಲಟ್ಟಿ, ಸೀಗೂರು, ಮಾವನಹಳ್ಳ, ಬೊಕ್ಕಾಪುರ, ಆನೆಕಟ್ಟಿ, ಸಿರಿಯೂರು ಎಂಬ ಹೆಸರುಗಳನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿ. ಯಾವ ಭಾಷೆಯವರು ಈ ದಾರಿಯಲ್ಲಿ ನಡೆದರೆಂದು ಬೇರೆ ಸಾಕ್ಷಿ ಬೇಕಿಲ್ಲ. ತೆಪ್ಪಕಾಡಿನ ಹೆಸರಿನಲ್ಲಿ ತೆಪ್ಪವೇ ಇದೆ. ಸೇತುವೆ ಇಲ್ಲದ ಕಾಲದಲ್ಲಿ ಮೋಯಾರ್ ಹೊಳೆಯನ್ನು ಹೇಗೆ ದಾಟುತ್ತಿದ್ದರೆಂದು ಅದೇ ಹೇಳುತ್ತದೆ. ಮಸಿನಗುಡಿಯಂತೂ ದೇವಿಯ ಗುಡಿಯಿಂದಲೇ ಹೆಸರು ಪಡೆದ ಊರೆಂದು ನಮ್ಮ ಹಿರಿಯರ ನಂಬಿಕೆ.

1799ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಬೆಟ್ಟ ಕಂಪನಿ ಸರ್ಕಾರದ ಕೈಗೆ ಹೋಯಿತು. ಆದರೂ ಇಪ್ಪತ್ತು ವರ್ಷ ಬಿಳಿಯರು ಮೇಲಕ್ಕೆ ಸರಿಯಾಗಿ ಹತ್ತಿ ನೋಡಲಿಲ್ಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಹತ್ತಿ ಬಂದು ಇಲ್ಲಿನ ತಂಪಿಗೆ ಮರುಳಾದ ಮೇಲೆ ಸಿರುಮುಗೈಯಿಂದ ಕೋತಗಿರಿ ಕಡೆಗೆ ಮೊದಲ ದಾರಿ ಮಾಡಿಸಿದನು. 1823ರ ಹೊತ್ತಿಗೆ ಅದು ಮುಗಿಯಿತು. ಆಮೇಲೆ ಮದರಾಸಿನ ಗವರ್ನರ್ ಲಷಿಂಗ್ಟನ್‌ನ ಕಾಲದಲ್ಲಿ ಕೂನೂರಿನ ಘಾಟಿ ತೆರೆಯಿತು. ಇವೆಲ್ಲ ತಮಿಳು ಸೀಮೆಯ ಕಡೆಯ ಬಾಗಿಲುಗಳು. ಮೈಸೂರಿನ ಕಡೆಯ ಬಾಗಿಲಾಗಿ ಸೀಗೂರು ಘಾಟಿ ಬೆಳೆಯಿತು. ಇಂದು ನಾವು ಕಲ್ಲಟ್ಟಿ ಘಾಟಿ ಎನ್ನುವುದು ಇದನ್ನೇ. ಬೆಂಗಳೂರು, ಮೈಸೂರುಗಳಲ್ಲಿದ್ದ ದಂಡಿನವರು ಬೇಸಿಗೆಗೆ ಮೇಲೆ ಹೋಗಲು ಇದೇ ಹತ್ತಿರದ ಹಾದಿ. 1834ರಲ್ಲಿ ಮೆಕಾಲೆ ಸಾಹೇಬರು ಗವರ್ನರ್ ಜನರಲ್ ಬೆಂಟಿಂಕ್‌ರನ್ನು ಕಾಣಲು ಊಟಿಗೆ ಬಂದದ್ದು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೇಲೆ, ಪಲ್ಲಕ್ಕಿಯಲ್ಲಿ, ಬೋಯಿಗಳ ಹೆಗಲಿನ ಮೇಲೆ. ಆ ಬೋಯಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ದಾರಿಯ ಇತಿಹಾಸ ಬರೆಯುವಾಗ ಹೊತ್ತವರಿಗಿಂತ ಕುಳಿತವರ ಹೆಸರೇ ಮುಂದೆ ಬರುವುದು ನನಗೆ ಯಾವಾಗಲೂ ಸ್ವಲ್ಪ ಬೇಸರದ ವಿಷಯ.

ಮೇಲಿನ ಗಾಳಿ ಎಷ್ಟು ಹಿತವೋ ಕೆಳಗಿನ ಸೀಗೂರಿನ ಕಾಡು ಅಷ್ಟೇ ಅಪಾಯವಾಗಿತ್ತು. ಹುಲಿ, ಆನೆಗಳಿಗಿಂತ ಜನ ಹೆದರುತ್ತಿದ್ದದ್ದು ಮಲೇರಿಯಾ ಜ್ವರಕ್ಕೆ. ಸಂಜೆಯೊಳಗೆ ಘಾಟಿ ಹತ್ತಬೇಕು, ಇಲ್ಲವೇ ಕಾಡಿನಿಂದ ಹೊರಗೆ ಹೋಗಬೇಕು, ರಾತ್ರಿ ತಂಗಬಾರದು ಎಂಬುದು ಗಾಡಿಯವರ ಕಟ್ಟಳೆ. ನಮ್ಮ ಅಜ್ಜ ಗುಂಡ್ಲುಪೇಟೆ ಕಡೆಯಿಂದ ರಾಗಿ, ಹುರುಳಿ ಹೇರಿಕೊಂಡು ಬರುತ್ತಿದ್ದ ಗಾಡಿಗಳ ಹಿಂದೆ ನಡೆದವರು. ಕಾಡಿನ ಅಂಚಿನ ಮಾರಿಗುಡಿಗೆ ಒಂದು ತೆಂಗಿನಕಾಯಿ ಒಡೆಯದೆ ಎತ್ತುಗಳ ನೊಗ ಎತ್ತುತ್ತಿರಲಿಲ್ಲವಂತೆ. ಈ ಹಾದಿಯುದ್ದಕ್ಕೂ ಇಷ್ಟೊಂದು ಮಾರಮ್ಮ, ಮಸಿಣಿಯಮ್ಮನವರ ಗುಡಿಗಳು ಏಕಿವೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ. ಜ್ವರದ ಹಾದಿಯಲ್ಲಿ ತಾಯಿಯ ಹೊರತು ಬೇರೆ ಡಾಕ್ಟರರಿರಲಿಲ್ಲ.

ಇನ್ನು ಕೂಡಲೂರಿನ ಎಳೆ. ಇದು ನಂತರದ್ದು, ಮತ್ತು ಇದನ್ನು ಎಳೆದು ತಂದದ್ದು ಕಾಫಿ. 1840ರ ದಶಕದಲ್ಲಿ ಔಕ್ಟರ್‌ಲೋನಿ ಕಣಿವೆಯಲ್ಲಿ ಕಾಫಿ ತೋಟಗಳೆದ್ದವು. ನಾವು 'ಓ ವ್ಯಾಲಿ' ಎನ್ನುವುದು ಅದನ್ನೇ. 1860ರ ದಶಕದಲ್ಲಿ ನಡುವಟ್ಟಂನಲ್ಲಿ ಸಿಂಕೋನ ತೋಟ ಬಂದಿತು. ಜ್ವರಕ್ಕೆ ಮದ್ದಾದ ಕ್ವಿನೈನ್ ತೆಗೆಯುವ ತೊಗಟೆ ಅದು. ಆ ತೋಟಗಳಲ್ಲಿ ಚೀನಾದ ಕೈದಿಗಳಿಂದ ಕೆಲಸ ಮಾಡಿಸಿದ್ದರು. ಕೆಳಗೆ ಜ್ವರ, ಮೇಲೆ ಅದರ ಮದ್ದು, ನಡುವೆ ಒಂದು ಘಾಟಿ. ಫಸಲನ್ನು ಇಳಿಸಬೇಕೆಂದು ನಡುವಟ್ಟಂನಿಂದ ಕೂಡಲೂರಿಗೆ ಗಾಡಿರಸ್ತೆ ಗಟ್ಟಿಯಾಯಿತು. 1877ರಲ್ಲಿ ಆಗ್ನೇಯ ವೈನಾಡು, ಅಂದರೆ ಇಂದಿನ ಕೂಡಲೂರು, ಪಂದಲೂರು ಭಾಗಗಳನ್ನು ಮಲಬಾರಿನಿಂದ ತೆಗೆದು ನೀಲಗಿರಿಗೆ ಸೇರಿಸಿದರು. ಅದಾದ ಎರಡು ಮೂರು ವರ್ಷಕ್ಕೆ ದೇವಾಲದಲ್ಲಿ ಚಿನ್ನ ಸಿಗುತ್ತದೆಂಬ ಹುಚ್ಚು ಹಬ್ಬಿತು. ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿದವು, ಯಂತ್ರಗಳು ಕಾಡಿನೊಳಗೆ ಬಂದವು. ಹಾಕಿದ ಹಣಕ್ಕೆ ತಕ್ಕ ಚಿನ್ನ ಬರಲಿಲ್ಲ, 1882ರ ಸುಮಾರಿಗೆ ಎಲ್ಲ ಮುಚ್ಚಿತು. ಚಿನ್ನ ಹೋಯಿತು, ರಸ್ತೆ ಉಳಿಯಿತು.

ಕೂಡಲೂರೆಂದರೆ ಕೂಡುವ ಊರೇ ಸರಿ. ಅಲ್ಲಿಂದ ಒಂದು ಕವಲು ನಾಡುಕಾಣಿಯ ಘಾಟಿ ಇಳಿದು ನಿಲಂಬೂರಿಗೆ ಹೋಗುತ್ತದೆ, ಕಲ್ಲಿಕೋಟೆಯ ಮೀನು ನಮ್ಮ ಬೆಟ್ಟಕ್ಕೆ ಹತ್ತುವುದು ಆ ದಾರಿಯಲ್ಲಿ. ನಾಡುಕಾಣಿಯಿಂದಲೇ ಇನ್ನೊಂದು ದೇವಾಲ, ಪಂದಲೂರು, ಚೇರಂಬಾಡಿ ಮೇಲೆ ವೈನಾಡಿಗೆ. ಮತ್ತೊಂದು ದೇವರಶೋಲೆ, ಪಾಟವಯಲ್ ಮೇಲೆ ಸುಲ್ತಾನ್ ಬತ್ತೇರಿಗೆ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡವಾದಾಗ ಒಂದೇ ಮದರಾಸು ಸರ್ಕಾರದ ಕೆಳಗಿದ್ದ ವೈನಾಡು ಕೇರಳಕ್ಕೆ ಹೋಯಿತು, ಕೂಡಲೂರು ಮದರಾಸಿನಲ್ಲೇ ನಿಂತಿತು, ಗುಂಡ್ಲುಪೇಟೆ ಮೊದಲಿನಂತೆ ಮೈಸೂರಿನಲ್ಲಿತ್ತು. ಆ ದಿನದಿಂದ ನಮ್ಮ ರಸ್ತೆಗೆ ಮೂರು ರಾಜ್ಯದ ಚೆಕ್‌ಪೋಸ್ಟು. ಅಕ್ಕನ ಮನೆಗೆ ಹೋಗಲು ಒಂದು ಗೇಟು, ಮಾವನ ಮನೆಗೆ ಇನ್ನೊಂದು ಗೇಟು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಸಿಂಹಳದಿಂದ ಮರಳಿದ ತಮಿಳು ಬಂಧುಗಳು ಇದೇ ರಸ್ತೆ ಹತ್ತಿ ಬಂದು ಸರ್ಕಾರಿ ಚಹಾ ತೋಟಗಳಲ್ಲಿ ನೆಲೆಸಿದರು. ಅವರಲ್ಲಿ ಹಲವರು ಇಂದು ನಮ್ಮ ಜಾತ್ರೆಗೆ ಹರಕೆ ಹೊತ್ತು ಬರುತ್ತಾರೆ, ನಾವು ಕನ್ನಡದಲ್ಲಿ ಕೂಗುವ ಅಮ್ಮನನ್ನು ಅವರು ತಮಿಳಿನಲ್ಲಿ ಕೂಗುತ್ತಾರೆ.

ರೈಲಿನ ಕಥೆ ಬೇರೆ. 1899ರಲ್ಲಿ ಮೇಟುಪಾಳ್ಯದಿಂದ ಕೂನೂರಿಗೂ 1908ರಲ್ಲಿ ಊಟಿಗೂ ರೈಲು ಹತ್ತಿತು. ಸರಕು, ಸಾಹೇಬರು ಎಲ್ಲ ಆ ಕಡೆ ತಿರುಗಿದರು. ಮೈಸೂರಿನ ಕಡೆಯ ರೈಲು ನಂಜನಗೂಡು, ಚಾಮರಾಜನಗರದವರೆಗೆ ಬಂದು ನಿಂತಿತು, ಕಾಡು ದಾಟಲಿಲ್ಲ. ಹಾಗಾಗಿ ನಮ್ಮ ರಸ್ತೆಗೆ ಸ್ವಲ್ಪ ಕಾಲ ಮಂಕು ಕವಿಯಿತು. ಮೈಸೂರು ಮಹಾರಾಜರಿಗೆ ಊಟಿಯ ಫರ್ನ್‌ಹಿಲ್‌ನಲ್ಲಿ ಬೇಸಿಗೆಯ ಅರಮನೆ ಇದ್ದುದರಿಂದ ಅರಮನೆಯ ಸವಾರಿ ಮಾತ್ರ ಈ ಕಡೆಯಿಂದ ಓಡಾಡುತ್ತಿತ್ತು. ಮಸಿನಗುಡಿಗೆ ಮತ್ತೆ ಜೀವ ತಂದದ್ದು ಕರೆಂಟು. 1932ರಲ್ಲಿ ಪೈಕಾರದ ನೀರನ್ನು ಕೊಳವೆಯಲ್ಲಿ ಇಳಿಸಿ ಸಿಂಗಾರದಲ್ಲಿ ವಿದ್ಯುತ್ ತೆಗೆದರು. 1950ರ ದಶಕದಲ್ಲಿ ಮೋಯಾರ್ ಪವರ್ ಹೌಸ್ ಬಂತು. ಮಸಿನಗುಡಿಯಿಂದ ಸಿಂಗಾರಕ್ಕೂ ಮೋಯಾರಿಗೂ ಹೋಗುವ ಕವಲು ರಸ್ತೆಗಳು ಹೀಗೆ ಬೆಳೆದವು. ಕೆಲಸಕ್ಕೆ ಬಂದವರಿಗೆ ಅಕ್ಕಿ, ಬೇಳೆ ಬೇಕಲ್ಲ, ಅದಕ್ಕೇ ನಮ್ಮ ತಂದೆಯವರೂ ಇಲ್ಲಿ ಅಂಗಡಿ ಇಟ್ಟರು. ಅಂಗಡಿಯ ಮೊದಲ ಬಾಕಿದಾರರು ಪವರ್ ಹೌಸಿನ ನೌಕರರೇ. ತಿಂಗಳ ಒಂದನೆಯ ತಾರೀಖು ತಪ್ಪದೆ ಕೊಡುತ್ತಿದ್ದರೆಂದು ತಂದೆಯವರು ಕೊನೆಯವರೆಗೂ ಹೇಳುತ್ತಿದ್ದರು.

ನನ್ನ ಬಾಲ್ಯದಲ್ಲಿ ಚೇರನ್ ಸಾರಿಗೆಯ ಬಸ್ಸುಗಳೂ ಕರ್ನಾಟಕದ ಕೆಂಪು ಬಸ್ಸುಗಳೂ ಬರುತ್ತಿದ್ದವು. ಬೆಳಗಿನ ಬಸ್ಸಿನ ಕಂಡಕ್ಟರರು ಮೈಸೂರಿನ ಕನ್ನಡ ಪೇಪರನ್ನು ಅಂಗಡಿ ಮುಂದೆ ಎಸೆದು ಹೋಗುತ್ತಿದ್ದರು. ಜಾತ್ರೆಯ ವಾರದಲ್ಲಿ ಅದೇ ಬಸ್ಸಿನ ಟಾಪಿನ ಮೇಲೆ ಮೈಸೂರು ಮಲ್ಲಿಗೆಯ ಬುಟ್ಟಿ, ತಮಟೆ, ನಾದಸ್ವರದ ಪೆಟ್ಟಿಗೆ, ಬಾಳೆಕಂದು. 1991ರ ಡಿಸೆಂಬರಿನ ಕಾವೇರಿ ಗಲಭೆಯಲ್ಲಿಯೂ 2016ರ ಸೆಪ್ಟೆಂಬರಿನಲ್ಲಿಯೂ ಗಡಿಯ ಬಸ್ಸುಗಳು ನಿಂತವು. ವೀರಪ್ಪನ್ ಕಾಲದಲ್ಲಿ, ಅದರಲ್ಲೂ 1997ರಲ್ಲಿ ಬಂಡೀಪುರದಿಂದ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಅವರನ್ನು ಹಿಡಿದುಕೊಂಡು ಹೋದ ಮೇಲೆ, ಕತ್ತಲಾದರೆ ಜನ ತಾವಾಗಿಯೇ ಓಡಾಟ ನಿಲ್ಲಿಸಿದರು. 2020ರಲ್ಲಿ ಕೊರೋನಾ ಬಂದು ಕೆಕ್ಕನಹಳ್ಳದ ಗಡಿ ಮುಚ್ಚಿದಾಗ ಗುಂಡ್ಲುಪೇಟೆಯ ಟೊಮೇಟೋ ಇಲ್ಲದೆ ನಮ್ಮ ತರಕಾರಿ ಬುಟ್ಟಿ ಬರಿದಾಯಿತು.

ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ 2009ರದ್ದು. ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಹೋಗಬಾರದೆಂದು ಚಾಮರಾಜನಗರದ ಜಿಲ್ಲಾಡಳಿತ ಆಜ್ಞೆ ಮಾಡಿ, ಕೆಲವೇ ದಿನಕ್ಕೆ ಹಿಂತೆಗೆದುಕೊಂಡು, ವಿಷಯ ಹೈಕೋರ್ಟಿಗೆ ಹೋಗಿ, 2010ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ನಿಷೇಧವನ್ನೇ ಎತ್ತಿಹಿಡಿಯಿತು. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುವುದು ನಿಲ್ಲಬೇಕೆಂಬುದೇ ಕಾರಣ. ಮುದುಮಲೈ ಕಡೆಯ ಗೇಟುಗಳೂ ಅದೇ ಹೊತ್ತಿಗೆ ಮುಚ್ಚುತ್ತವೆ. ಆಂಬ್ಯುಲೆನ್ಸಿಗೂ ಕೆಲವು ಸರ್ಕಾರಿ ಬಸ್ಸಿಗೂ ಮಾತ್ರ ರಿಯಾಯಿತಿ. ಆಗ ವ್ಯಾಪಾರಸ್ಥರ ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಲಾರಿ ಬಾರದಿದ್ದರೆ ಅಂಗಡಿ ಹೇಗೆ ನಡೆಯುತ್ತದೆಂದು ಜೋರಾಗಿ ಮಾತಾಡಿದವನೂ ಹೌದು. ಲಾರಿಗಳು ಹಗಲಿಗೆ ಹೊಂದಿಕೊಂಡವು, ಅಂಗಡಿ ನಡೆಯಿತು. ಪೆಟ್ಟು ಬಿದ್ದದ್ದು ಬೇರೆ ಕಡೆ.

ಮರುವರ್ಷದ ಜಾತ್ರೆಯ ರಾತ್ರಿ. ಗುಂಡ್ಲುಪೇಟೆ ಕಡೆಯ ಭಕ್ತರು ವರ್ಷಾವರ್ಷ ತಂಬಿಟ್ಟಿನ ಆರತಿ ಹೊತ್ತು ಬಂದು, ಮಹಾಮಂಗಳಾರತಿ ಕಣ್ಣಿಗೆ ಒತ್ತಿಕೊಂಡೇ ಹೊರಡುವ ಪದ್ಧತಿ. ಏಳು ಗಂಟೆಗೆ ಆಗಬೇಕಿದ್ದ ಮಂಗಳಾರತಿಯನ್ನು ಗಣ್ಯರೊಬ್ಬರು ಬರುತ್ತಾರೆಂದು ನಾವು ಟ್ರಸ್ಟಿಗಳೇ ನಿಲ್ಲಿಸಿಕೊಂಡೆವು. ಗಣ್ಯರು ಬರಲೇ ಇಲ್ಲ. ಮಂಗಳಾರತಿ ಮುಗಿದಾಗ ಎಂಟೂವರೆ. ಒಂದು ವ್ಯಾನಿನವರು ಓಡೋಡಿ ಹೊರಟರು. ಅವರು ತಲುಪುವ ಹೊತ್ತಿಗೆ ಗೇಟು ಮುಚ್ಚಿ ಹತ್ತು ನಿಮಿಷವಾಗಿತ್ತು. ಮಕ್ಕಳು, ಮುದುಕಿಯರು ಆರತಿ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೆ ವ್ಯಾನಿನೊಳಗೇ ಕುಳಿತಿದ್ದರು. ಸುತ್ತ ಆನೆ ಕಾಡು, ಮೇಲೆ ಮಂಜು. ಬೆಳಿಗ್ಗೆ ಅವರಲ್ಲಿ ಒಬ್ಬ ಅಜ್ಜಿ ಊರಿಗೆ ಹೋಗದೆ ಬಸ್ಸು ಹಿಡಿದು ವಾಪಸು ಬಂದು ನನ್ನ ಅಂಗಡಿಯ ಮುಂದೆ ನಿಂತಳು. ಬೈಯುತ್ತಾಳೆಂದುಕೊಂಡೆ. "ರಾತ್ರಿ ಪ್ರಸಾದ ತಕ್ಕೊಳ್ದೇ ಓಡಿಬಿಟ್ಟೆವಪ್ಪ, ಒಂದಿಷ್ಟು ಕೊಡು" ಎಂದಳು. ಆ ಮಾತಿಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ತಪ್ಪು ಗೇಟಿನವರದ್ದಲ್ಲ, ಗಡಿಯಾರ ನೋಡದ ನಮ್ಮದು.

ಅಲ್ಲಿಂದ ಮುಂದೆ ನಿಷೇಧದ ಮಾತು ಬಂದಾಗ ನಾನು ಮೊದಲಿನಷ್ಟು ಜೋರಾಗಿ ಮಾತಾಡಲಿಲ್ಲ. 2021ರ ಜನವರಿಯ ಒಂದು ಸಂಗತಿ ಉಳಿದ ಮಾತನ್ನೂ ಅಡಗಿಸಿತು. ನಮ್ಮ ಮಸಿನಗುಡಿ ಸುತ್ತ ಓಡಾಡಿಕೊಂಡಿದ್ದ ಒಂಟಿ ಸಲಗದ ಮೇಲೆ ಯಾರೋ ಬೆಂಕಿ ಹಚ್ಚಿದ್ದನ್ನು ಎಸೆದಿದ್ದರು. ಕಿವಿ ಸುಟ್ಟು ಕೀವು ತುಂಬಿದ ಅದನ್ನು ಲಾರಿಗೆ ಹತ್ತಿಸಿ ಚಿಕಿತ್ಸೆಗೆಂದು ತೆಪ್ಪಕಾಡಿನ ಶಿಬಿರಕ್ಕೆ ಒಯ್ಯುವಾಗ ದಾರಿಯಲ್ಲೇ ಅದರ ಪ್ರಾಣ ಹೋಯಿತು. ಆರೈಕೆ ಮಾಡಿದ ಅರಣ್ಯ ನೌಕರರು ಅದರ ಸೊಂಡಿಲು ಹಿಡಿದು ಅತ್ತದ್ದನ್ನು ದೇಶವೇ ನೋಡಿತು. ಗಣಪತಿಗೆ ಗರಿಕೆ ಇಡುವ ಕೈಗಳಿರುವ ಊರಿನಲ್ಲಿ ಇದು ನಡೆಯಿತು. ಸೀಗೂರು ಪ್ರಸ್ಥಭೂಮಿ ಆನೆಗಳ ಹಾದಿಯೆಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ನಮ್ಮಲ್ಲಿ ಗೊಣಗಿದವರು ಬಹಳ ಮಂದಿ. ಜೀವನಕ್ಕೆ ಕಷ್ಟವಾದದ್ದೂ ನಿಜ, ಜೀಪು ಓಡಿಸುವ ಹುಡುಗರ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಲೆಕ್ಕದ ಪುಸ್ತಕ ಬರೆಯುವವನಾಗಿ ಹೇಳುತ್ತೇನೆ, ಈ ಹಾದಿಯ ಹಳೆಯ ಖಾತೆದಾರರು ನಾವಲ್ಲ. 2021ರ ಅಕ್ಟೋಬರಿನಲ್ಲಿ ನಾಲ್ವರನ್ನು ಕೊಂದ ಟಿ-23 ಎಂಬ ಹುಲಿಯನ್ನು ಮೂರು ವಾರ ಹುಡುಕಿ ಜೀವಂತ ಹಿಡಿದರು. ಅದನ್ನು ಚಿಕಿತ್ಸೆಗೆ ಸಾಗಿಸಿದ್ದೂ ಮೈಸೂರಿಗೇ.

ಘಾಟಿಯ ವಿಷಯ ಒಂದು ಮಾತು. 2018ರ ಅಕ್ಟೋಬರಿನಲ್ಲಿ ಹೊರಊರಿನ ಪ್ರವಾಸಿಗಳ ಕಾರು ಕಲ್ಲಟ್ಟಿಯ ತಿರುವಿನಲ್ಲಿ ಪ್ರಪಾತಕ್ಕೆ ಬಿದ್ದು, ಎರಡು ದಿನ ಯಾರಿಗೂ ತಿಳಿಯಲೇ ಇಲ್ಲ. ಐವರು ಹೋದರು. ಆ ನಂತರ ಹೊರ ಜಿಲ್ಲೆಯ ವಾಹನಗಳು ಊಟಿಯಿಂದ ಈ ಘಾಟಿ ಇಳಿಯದಂತೆ ತಡೆದರು. 2024ರ ಮೇ 7ರಿಂದ ಮದರಾಸು ಹೈಕೋರ್ಟಿನ ಆಜ್ಞೆಯಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. ಮೊದಲ ಗೇರಿನಲ್ಲೇ ಇಳಿಯಬೇಕಾದ ಘಾಟಿ ಇದು, ಬ್ರೇಕನ್ನೇ ನಂಬಿ ಇಳಿಯುವ ಚಾಲಕರನ್ನು ಎಷ್ಟೋ ಸಲ ಅಂಗಡಿ ಮುಂದೆ ನಿಲ್ಲಿಸಿ, ಚಕ್ರ ತಣ್ಣಗಾಗುವವರೆಗೆ ಚಹಾ ಕುಡಿಸಿ ಕಳಿಸಿದ್ದೇನೆ.

ಆದ್ದರಿಂದ ಸಮಿತಿಯಲ್ಲಿ ಈ ಸಲ ದೊಡ್ಡ ಚರ್ಚೆಯಾಯಿತು. ರಾತ್ರಿ ಪೂಜೆ ರಾತ್ರಿಯೇ ಆಗಬೇಕು, ಗೇಟಿನ ಹೊತ್ತಿಗೆ ದೇವರನ್ನು ಕುಣಿಸಬಾರದು ಎಂದು ಹಿರಿಯರು ಹಿಡಿದ ಹಟದಲ್ಲಿಯೂ ನ್ಯಾಯವಿದೆ. ದೂರದ ಭಕ್ತರಿಲ್ಲದ ಜಾತ್ರೆ ಎಂಥ ಜಾತ್ರೆ ಎಂಬ ಯುವಕರ ಮಾತಿನಲ್ಲಿಯೂ ನ್ಯಾಯವಿದೆ. ಕೊನೆಗೆ ಪೂಜಾರಪ್ಪನವರೇ ದಾರಿ ತೋರಿಸಿದರು. ಗುಂಡ್ಲುಪೇಟೆ, ಕೂಡಲೂರು ಕಡೆಯ ಭಕ್ತರ ಆರತಿಗಳಿಗೆ ಸಂಜೆ 5 ಗಂಟೆಗೆ ಮೊದಲ ಮಂಗಳಾರತಿ. ಯಾರು ಬರಲಿ ಬಿಡಲಿ, ಅದು ಒಂದು ನಿಮಿಷವೂ ತಡವಾಗದು. ರಾತ್ರಿಯ ಮಹಾಮಂಗಳಾರತಿ ಎಂದಿನಂತೆ. ಅದನ್ನೂ ನೋಡಬೇಕೆನ್ನುವವರಿಗೆ ದೇವಸ್ಥಾನದ ಹಿಂದಿನ ಛತ್ರದಲ್ಲಿ ಚಾಪೆ, ಕಂಬಳಿ, ರಾತ್ರಿ ಅನ್ನಸಾರು, ಬೆಳಿಗ್ಗೆ ಉಪ್ಪಿಟ್ಟು. ಬೆಳಿಗ್ಗೆ 6ಕ್ಕೆ ಗೇಟು ತೆರೆಯುತ್ತದೆ. ಸ್ವಂತ ವಾಹನದಲ್ಲಿ ಬರುವವರು ಇ-ಪಾಸ್ ಮಾಡಿಸಿಕೊಂಡು ಬರಬೇಕು, ಸರ್ಕಾರಿ ಬಸ್ಸಿನವರಿಗೆ ಅದು ಬೇಡ. ಮಾಡಿಸಲು ತಿಳಿಯದವರು ಮೊದಲೇ ನನ್ನ ಅಂಗಡಿಗೆ ಹೇಳಿಕಳಿಸಿದರೆ ನನ್ನ ಮಗ ಮಾಡಿಕೊಡುತ್ತಾನೆ, ಅದಕ್ಕೆ ಹಣವಿಲ್ಲ. ಕಂಬಳಿ ಕೊಡಲು ಇಚ್ಛೆಯುಳ್ಳ ಭಕ್ತರು ಜಾತ್ರೆಗೆ ಎಂಟು ದಿನ ಮುಂಚಿತವಾಗಿ ದೇವಸ್ಥಾನದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬೇಕಾಗಿ ವಿನಂತಿ.